ಒಂದೇ ಹೆಸರಿನ ಎರಡು ಕಚೇರಿ: ಯಾವುದಕ್ಕೆ ಸೇರುವುದು?

ಡೆಲಾಯ್ಟ್, ಪಿಡಬ್ಲ್ಯುಸಿ, ಇವೈ, ಕೆಪಿಎಂಜಿಯಂಥ ದೊಡ್ಡ ಸಲಹಾ ಸಂಸ್ಥೆಗಳಿಗೆ ಬೆಂಗಳೂರಿನಲ್ಲಿ ಎರಡು ಬಗೆಯ ಘಟಕಗಳಿವೆ. ಒಂದು ಭಾರತದ ಗ್ರಾಹಕರಿಗೆ, ಇನ್ನೊಂದು ಹೊರದೇಶದ ತಂಡಗಳಿಗೆ ದುಡಿಯುತ್ತದೆ. ನೇಮಕಾತಿ ಪತ್ರದಲ್ಲಿ ಯಾವುದರ ಹೆಸರಿದೆ ಎಂಬುದನ್ನು ಮೊದಲು ನೋಡಿಕೊಳ್ಳಿ. ನಾನು ಎರಡೂ ಕಡೆ ದುಡಿದಿದ್ದೇನೆ.

ಭಾರತದ ಘಟಕದಲ್ಲಿ ಗ್ರಾಹಕರ ಎದುರೇ ಕೂರುತ್ತೀರಿ. ಒಮ್ಮೆ ಕಾರ್ಖಾನೆಯೊಂದರ ಗೋದಾಮಿನಲ್ಲಿ ಮೂರು ದಿನ ಚೀಲ ಎಣಿಸಿದೆ. ಉಗ್ರಾಣದವರು ತಮ್ಮ ಕೈಬರಹದ ಪುಸ್ತಕ ತೆರೆದು ತೋರಿಸಿದಾಗಲೇ ಕಂಪ್ಯೂಟರಿನ ಲೆಕ್ಕ ಎಲ್ಲಿ ತಪ್ಪಿದೆ ಎಂದು ಹೊಳೆದದ್ದು. ಆ ಕಲಿಕೆಗೆ ಬೆಲೆ ಕಟ್ಟಲಾಗದು. ಆದರೆ ಊರೂರು ಅಲೆದಾಟ, ಗಡುವು ಹತ್ತಿರವಾದರೆ ನಡುರಾತ್ರಿಯ ಊಟ.

ಹೊರದೇಶದ ಘಟಕದಲ್ಲಿ ಅಲೆದಾಟ ಕಡಿಮೆ, ಕೆಲಸದ ಕ್ರಮ ಅಚ್ಚುಕಟ್ಟು. ಸಂಜೆ ಮಾತ್ರ ನಿಮ್ಮದಲ್ಲ. ನವೆಂಬರ್‌ನಲ್ಲಿ ಅಮೆರಿಕದ ಗಡಿಯಾರ ಹಿಂದೆ ಸರಿದರೆ ಇಲ್ಲಿ 7 ಗಂಟೆಯ ಕರೆ 8ಕ್ಕೆ ಹೋಗುತ್ತದೆ. ಮಗುವಿಗೆ ಊಟ ಮಾಡಿಸುವ ಹೊತ್ತು ಅದು.

ಪ್ರತಿ ಗಂಟೆಯ ಲೆಕ್ಕ ಎರಡೂ ಕಡೆ ಬರೆಯಲೇಬೇಕು.

ಮೊದಲ ಕೆಲಸವಾದರೆ ಭಾರತದ ಘಟಕಕ್ಕೇ ನನ್ನ ಮತ. ಮನೆಯಲ್ಲಿ ವಯಸ್ಸಾದವರಿದ್ದು ಊರು ಬಿಡಲಾಗದಿದ್ದರೆ ಎರಡನೆಯದು. ಸಂದರ್ಶನದಲ್ಲೇ ಕರೆಗಳ ಸಮಯವನ್ನು ಬಿಡಿಸಿ ಕೇಳಿ.