ದೊಡ್ಡಪ್ಪನ ಪೆನ್ ರೀಲು: ಲೇತ್ ಅಂಗಡಿಗೆ ಕೊಡೋದಾ, ನಾವೇ ಬಿಚ್ಚೋದಾ, ಮಾರಿ ಹೊಸದು ತಗೊಳ್ಳೋದಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನಾವೇ ಬಿಚ್ಚಿ ರಿಪೇರಿ ಮಾಡುವುದಕ್ಕೆ. ಆದರೆ ಈ ಬುದ್ಧಿ ಬಂದದ್ದು ಒಂದು ಅಂಜಲ್ ಮೀನು ಕಳಕೊಂಡು, ಒಂಬತ್ತೂವರೆ ಸಾವಿರ ಖರ್ಚಾದ ಮೇಲೆ.

ಇದು ಮೀನು ಹಿಡಿಯುವ ಗಾಳದ ದಾರ ಸುತ್ತುವ ರೀಲು, ಪೆನ್ ಅನ್ನುವುದು ಅದನ್ನು ಮಾಡುವ ಅಮೆರಿಕದ ಕಂಪನಿ. ರೀಲು ದೊಡ್ಡಪ್ಪನದು. ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸಕ್ಕಿದ್ದರು. ಎಪ್ಪತ್ತರ ದಶಕದಲ್ಲಿ ಅಮೆರಿಕದ ಯಾವುದೋ ಬಂದರಿನಲ್ಲಿ ಕೊಂಡದ್ದಂತೆ. ಪೆನ್ ಸೆನೆಟರ್, ಮಾಡೆಲ್ 114, ಅಳತೆ 6/0. ಒಂದು ಕಿಲೋಗೂ ಜಾಸ್ತಿ ತೂಕ. ಅವರು ತೀರಿಕೊಂಡ ಮೇಲೆ ದೊಡ್ಡಮ್ಮ ಅಟ್ಟದಿಂದ ಇಳಿಸಿ ಕೊಟ್ಟರು. ಹಳೇ ಲುಂಗಿಯಲ್ಲಿ ಸುತ್ತಿಟ್ಟಿತ್ತು. "ನಿಂಗೆ ಉಪಯೋಗ ಉಂಟಾದ್ರೆ ತಗೊಂಡು ಹೋಗು ಮಗಾ. ಇಲ್ದಿದ್ರೆ ಗುಜರಿಯವನಿಗೆ ಹಾಕ್ತೇನೆ" ಅಂದರು. ಹಿಡಿಕೆ ತಿರುಗುತ್ತಿತ್ತು. ಮೀನು ಎಳೆದಾಗ ದಾರ ಬಿಟ್ಟುಕೊಡುವ ಡ್ರ್ಯಾಗ್ ಮಾತ್ರ ಕಲ್ಲು. ಸಂದುಗಳಲ್ಲೆಲ್ಲ ಹಸಿರು ಕಿಲುಬು.

ಮಾರುವ ಯೋಚನೆಯೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ. "ಹಳೇ ಅಮೆರಿಕನ್ ಮಾಲು, ಲಕ್ಷ ಬೆಲೆ ಬಾಳ್ತದೆ" ಅಂತ ಬಾವ ತಲೆಗೆ ಹುಳ ಬಿಟ್ಟಿದ್ದ. ಹಾಗೇನಿಲ್ಲ. ಪೆನ್ ಕಂಪನಿಯನ್ನು ಒಟ್ಟೋ ಹೆಂಜೆ ಅನ್ನುವವರು 1932ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರು ಮಾಡಿದರು. ಸೆನೆಟರ್ ಬಂದದ್ದು 1936ರಲ್ಲಿ. ಆಮೇಲೆ ದಶಕಗಟ್ಟಲೆ ಅದೇ ರೀಲನ್ನು ರಾಶಿ ರಾಶಿ ಮಾಡಿದ್ದಾರೆ. ಅಲ್ಲಿ ಅರ್ಧಕ್ಕರ್ಧ ಗ್ಯಾರೇಜುಗಳಲ್ಲಿ ಒಂದೊಂದು ಬಿದ್ದಿರಬೇಕು. ಸಂಗ್ರಹ ಮಾಡುವವರು ದೊಡ್ಡ ದುಡ್ಡು ಕೊಡುವುದು ಎಡ್ವರ್ಡ್ ವಾಮ್ ಹೋಫ್, ಕೊವಲೋವ್‌ಸ್ಕಿ, ಮೊದಮೊದಲಿನ ಫಿನ್-ನಾರ್ ಇಂಥ ಹೆಸರಿನ ಹಳೇ ರೀಲುಗಳಿಗೆ.

ಬೆಲೆ ನೋಡುವಾಗ ಮಾರುವವರು ಕೇಳಿದ ಬೆಲೆ ನೋಡಬೇಡಿ, ನಿಜವಾಗಿ ಮಾರಾಟ ಆದ ಬೆಲೆ ನೋಡಿ. ನಾನು ನೋಡಿದ ಮಟ್ಟಿಗೆ, ಚೆನ್ನಾಗಿ ಓಡುವ 6/0 ಅಲ್ಲಿ 40ರಿಂದ 70 ಡಾಲರಿಗೆ ಹೋಗುತ್ತದೆ. ಮೂಲ ಪೆಟ್ಟಿಗೆ, ಸ್ಪ್ಯಾನರ್, ಕೈಪಿಡಿ ಇದ್ದರೆ ಸ್ವಲ್ಪ ಜಾಸ್ತಿ. ಇಲ್ಲಿಂದ ಕಳಿಸುವ ಖರ್ಚೇ ಅಷ್ಟಾಗುತ್ತದೆ. ಊರಲ್ಲಿ ಒಬ್ಬರು 2,500 ಅಂದರು. ಗುಜರಿಯವ ಕೈಯಲ್ಲಿ ತೂಗಿ ನೋಡಿ, ಹಿತ್ತಾಳೆ ಲೆಕ್ಕದಲ್ಲಿ 400 ಅಂದ. ಅಲ್ಲಿಗೆ ಮಾರುವ ಕತೆ ಮುಗಿಯಿತು.

ಜೂನ್ ಒಂದರಿಂದ ಜುಲೈ ಕೊನೆಯವರೆಗೆ ನಮ್ಮ ಕರಾವಳಿಯಲ್ಲಿ ಮೀನುಗಾರಿಕೆ ಬೋಟು ಬಂದ್ ಅಲ್ವಾ, ರಿಪೇರಿಗೆ ಅದೇ ಸಮಯ. ಪರಿಚಯದ ಲೇತ್ ಅಂಗಡಿಗೆ ಒಯ್ದೆ. ಅವರು ತಿರುಗಿಸಿ ತಿರುಗಿಸಿ ನೋಡಿ, "ಇದೆಂತ ಮಾರಾಯ್ರೆ, ಐಸ್‌ಕ್ರೀಮ್ ಮೆಷಿನಾ?" ಅಂದರು. ಕೆಲಸಗಾರರು ಒಳ್ಳೆಯವರೇ. ಮುರಿದಿದ್ದ ಒಂದು ಸ್ಕ್ರೂವನ್ನು ಹೊಸದಾಗಿ ಕಡೆದು ಕೊಟ್ಟರು, ಅದು ಇವತ್ತಿಗೂ ಇದೆ. ಒಟ್ಟು ಆದದ್ದು 600 ರೂಪಾಯಿ.

ಕೆಟ್ಟದ್ದು ಡ್ರ್ಯಾಗ್. ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ದೊಡ್ಡ ಹಲ್ಲುಚಕ್ರದ ಹೊಟ್ಟೆಯೊಳಗೆ ಒಂದು ಮೆತ್ತನೆಯ ವಾಷರ್, ಒಂದು ಲೋಹದ ವಾಷರ್ ಹೀಗೆ ದೋಸೆ ಪೇರಿಸಿದ ಹಾಗೆ ಇರುತ್ತವೆ. ಹಿಡಿಕೆಯ ಬುಡದಲ್ಲಿರುವ ನಕ್ಷತ್ರದಂಥ ಚಕ್ರ ಬಿಗಿ ಮಾಡಿದರೆ ಅವು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಮೀನು ಜೋರಾಗಿ ಎಳೆದಾಗ ಜಾರಿ ತಂಗೂಸು, ಅಂದರೆ ಗಾಳದ ದಾರ, ಬಿಟ್ಟುಕೊಡುವುದು ಅವುಗಳ ಕೆಲಸ. ಆ ಮೆತ್ತನೆಯ ವಾಷರುಗಳು ಸುಟ್ಟ ಹಪ್ಪಳದಂತೆ ಆಗಿದ್ದವು. ಅಂಗಡಿಯವರು ಎಂಜಿನ್ನಿಗೆ ಹಾಕುವ ಗ್ಯಾಸ್ಕೆಟ್ ಹಾಳೆಯಿಂದ ಹೊಸದು ಕತ್ತರಿಸಿ ಹಾಕಿದರು. ನೋಡಲು ಚಂದ. ಅಂಗಡಿಯಲ್ಲಿ ಕೈಯಿಂದ ಎಳೆದಾಗ ಸರಿಯಾಗಿಯೇ ಇತ್ತು.

ಆಗಸ್ಟ್ ಕೊನೆಯಲ್ಲಿ ಗೆಳೆಯನ ಬೋಟಿನಲ್ಲಿ ಹೋದೆವು. ಬೋಟು ನಿಧಾನಕ್ಕೆ ಓಡಿಸುತ್ತಾ ಹಿಂದೆ ಗಾಳ ಬಿಟ್ಟಿದ್ದೆವು. ಅಂಜಲ್ ಕಚ್ಚಿತು. ಅಂಜಲ್ ಗೊತ್ತಲ್ಲ, ಕಚ್ಚಿದ ಕೂಡಲೇ ಬಾಣ ಬಿಟ್ಟ ಹಾಗೆ ಓಡುತ್ತದೆ. ಒಂದು ಕ್ಷಣ ರೀಲು ಅಲ್ಲಾಡಲೇ ಇಲ್ಲ. ಕೋಲು ಬಗ್ಗಿತು. ಆಮೇಲೆ ರೀಲು ಗಡಕ್ ಅಂತ ಬಿಟ್ಟಿತು, ಮತ್ತೆ ಹಿಡಿಯಿತು, ಮತ್ತೆ ಗಡಕ್. ಮೂರನೇ ಗಡಕ್ಕಿಗೆ ಗಂಟಿನ ಹತ್ತಿರ ತಂಗೂಸು ಟಪ್ ಅಂತ ಹೋಯಿತು. ಗೆಳೆಯ ಏನೂ ಹೇಳಲಿಲ್ಲ. ಅದೇ ಜಾಸ್ತಿ ಬೇಜಾರು.

ಮನೆಗೆ ಬಂದು, ಅಂಗಳದ ತೆಂಗಿನ ಮರಕ್ಕೆ ಕೊಕ್ಕೆ ತಕ್ಕಡಿ ಕಟ್ಟಿ, ತಂಗೂಸಿನ ತುದಿ ಅದಕ್ಕೆ ಸಿಕ್ಕಿಸಿ ಹಿಂದಕ್ಕೆ ನಡೆದೆ. ನನ್ನದು 50 ಪೌಂಡಿನ ಎಳೆತ ತಡೆಯುವ ತಂಗೂಸು, ಅಂದರೆ ಸುಮಾರು 23 ಕಿಲೋ. ಅದರ ಮೂರನೇ ಒಂದು ಪಾಲು, ಏಳು ಕಿಲೋ ಚಿಲ್ಲರೆಗೆ ಡ್ರ್ಯಾಗ್ ಜಾರಬೇಕು. ನಾಲ್ಕನೇ ಒಂದಾದರೂ ಅಡ್ಡಿಯಿಲ್ಲ. ನನ್ನ ರೀಲು 11ರವರೆಗೆ ಹಿಡಿದುಕೊಂಡು, ಒಮ್ಮೆಲೇ 4ಕ್ಕೆ ಬೀಳುತ್ತಿತ್ತು. ಗ್ಯಾಸ್ಕೆಟ್ ಹಾಳೆ ಮಾಡಿರುವುದೇ ಒತ್ತಿ ಕೂತು ಎಣ್ಣೆ ಸೋರದ ಹಾಗೆ ನೋಡಿಕೊಳ್ಳಲಿಕ್ಕೆ, ಜಾರಲಿಕ್ಕೆ ಅಲ್ಲ. ಹೆಂಡತಿ ಬಾಗಿಲಲ್ಲಿ ನಿಂತು, "ಮರ ಹಿಡಿದಿರಾ?" ಅಂತ ಕೇಳಿದಳು.

ಆ ಸಿಟ್ಟಿನಲ್ಲೇ ಹೊಸ ಸ್ಪಿನ್ನಿಂಗ್ ರೀಲು ತಂದೆ, 9,500 ರೂಪಾಯಿ. ಕಂಪನಿ ಹೆಸರು ಬೇಡ. ಬಂಡೆ ಮೇಲೆ ನಿಂತು ದೂರ ಎಸೆಯಲು ಅದು ನಿಜಕ್ಕೂ ಒಳ್ಳೆಯದು, ಹಗುರ, ಮಗನೂ ತಿರುಗಿಸುತ್ತಾನೆ. ಬೋಟಿನ ಹಿಂದೆ ಗಾಳ ಎಳೆಯಲು ಹಾಕಿದರೆ ಒಂದೇ ಸೀಸನ್ನಿನಲ್ಲಿ ಒಳಗೆ ಗರಗರ ಸದ್ದು. ಉಪ್ಪು ನೀರು ಬೇರಿಂಗಿಗೆ ಹೋಗಿದೆ. ಬಿಡಿಭಾಗ ಕೇಳಿದರೆ "ಆ ಮಾಡೆಲ್ ನಿಂತುಹೋಗಿದೆ ಸಾರ್" ಅಂದರು.

ಪೆನ್ ಗೆಲ್ಲುವುದು ಇಲ್ಲೇ. ಅದರ ಬಿಡಿಭಾಗಗಳ ನಂಬರಿಗೆ ಒಂದು ಲೆಕ್ಕ ಇದೆ. ಮೊದಲ ಸಂಖ್ಯೆ ಯಾವ ಭಾಗ ಅಂತ, ಗೆರೆ ಹಾಕಿ ಎರಡನೆಯದು ಮಾಡೆಲ್. 5 ಅಂದರೆ ದೊಡ್ಡ ಹಲ್ಲುಚಕ್ರ, 6 ಅಂದರೆ ಡ್ರ್ಯಾಗ್ ವಾಷರ್, 13 ಅಂದರೆ ಪಿನಿಯನ್, ಅಂದರೆ ಅದಕ್ಕೆ ಕೂರುವ ಸಣ್ಣ ಹಲ್ಲುಚಕ್ರ. ಐವತ್ತು ವರ್ಷದ ರೀಲಿಗೂ ಇವತ್ತು ಸಾಮಾನು ಸಿಗುತ್ತದೆ. ಎಚ್‌ಟಿ-100 ಅನ್ನುವ ಕಾರ್ಬನ್ ಫೈಬರ್ ವಾಷರುಗಳನ್ನು ಅಮೆರಿಕದಲ್ಲಿರುವ ಅಕ್ಕನ ಮಗ ರಜೆಗೆ ಬರುವಾಗ ತಂದ. ಸುಮಾರು 15 ಡಾಲರ್, ಜೊತೆಗೆ ಡ್ರ್ಯಾಗಿಗೆಂದೇ ಇರುವ ಗ್ರೀಸಿನ ಸಣ್ಣ ಡಬ್ಬಿ.

ಬಿಚ್ಚುವುದು ಒಂದು ಮಧ್ಯಾಹ್ನದ ಕೆಲಸ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೀರಿ. ಸ್ಕ್ರೂಗಳು ಕ್ರೋಮ್ ಹಚ್ಚಿದ ಹಿತ್ತಾಳೆ, ಮೆದು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಸೀಳಿಗೆ ಸರಿಯಾಗಿ ಕೂರುವ ಡ್ರೈವರ್ ಹಾಕಿ. ಹಿಂದಕ್ಕೆ ತಿರುಗದ ಹಾಗೆ ತಡೆಯುವ ನಾಲಗೆಯ ಸ್ಪ್ರಿಂಗ್ ಹಾರುತ್ತದೆ, ನನ್ನದು ಫ್ರಿಜ್ಜಿನ ಅಡಿಗೆ ಹೋಗಿತ್ತು. ಕಿಲುಬು ಹಿಡಿದ ಹಿತ್ತಾಳೆ ಚೂರುಗಳನ್ನು ಹತ್ತು ನಿಮಿಷ ವಿನೆಗರಿನಲ್ಲಿ ನೆನೆಸಿ, ತೊಳೆದು ಒಣಗಿಸಿದೆ. ಕ್ರೋಮ್ ಎದ್ದಿರುವ ಭಾಗಕ್ಕೆ ವಿನೆಗರ್ ಬೇಡ. ಹಳೇ ಡ್ರ್ಯಾಗ್ ವಾಷರನ್ನು ಒಣಗಿದ್ದಾಗ ಕೆರೆಯಲೂಬೇಡಿ, ಆ ಕಾಲದ ಕೆಲವದರಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಮಾಡಿ ಎತ್ತಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಬಿಡಿ. ಹೊಸ ಕಾರ್ಬನ್ನಿಗೆ ಗ್ರೀಸ್ ತೆಳ್ಳಗೆ, ಬೆರಳಿಗೆ ಅಂಟಿಯೂ ಅಂಟದ ಹಾಗೆ.

ಮತ್ತೆ ತೆಂಗಿನ ಮರ. ತಕ್ಕಡಿ ಮುಳ್ಳು ಏಳಕ್ಕೆ ಬಂತು, ರೀಲು ಜಾರಿತು. ಮುಳ್ಳು ಏಳರಲ್ಲೇ ನಿಂತಿತು. ಗಡಕ್ ಇಲ್ಲ.

ಸೆನೆಟರಿನ ತೊಂದರೆಯೂ ಇದೆ. ತಂಗೂಸು ತಾನಾಗಿ ಸಮನಾಗಿ ಸುತ್ತಿಕೊಳ್ಳುವುದಿಲ್ಲ, ಹೆಬ್ಬೆರಳಿನಿಂದ ಆ ಕಡೆ ಈ ಕಡೆ ತಳ್ಳುತ್ತಿರಬೇಕು. ದೂರ ಎಸೆಯಲು ಹೇಳಿಸಿದ್ದಲ್ಲ. ಹಿಡಿಕೆ ಬಲಗಡೆಗೆ ಮಾತ್ರ, ನನ್ನ ಎಡಚ ಬಾವನಿಗೆ ಅದಕ್ಕೇ ಸಿಟ್ಟು.

ನಾನು ವರ್ಷಕ್ಕೆ ಆರೇಳು ಸಲ, ಅದೂ ಬೇರೆಯವರ ಬೋಟಿನಲ್ಲಿ ಹೋಗುವವನು. ನನಗೆ ಲೇತ್ ಅಂಗಡಿಯ 600 ಬಿಟ್ಟರೆ ಇನ್ನೊಂದೂವರೆ ಸಾವಿರದ ಒಳಗೆ ಮುಗಿದ ಈ ರೀಲು ಸಾಕೋ ಸಾಕು. ಸ್ಕ್ರೂ ಮುರಿದರೆ ಈಗಲೂ ಲೇತ್ ಅಂಗಡಿಗೇ ಹೋಗುತ್ತೇನೆ, ವಾಷರಿಗೆ ಮಾತ್ರ ಇಲ್ಲ. ಬಂಡೆ ಮೇಲಿಂದ ಎಸೆಯುವವರು ನೀವಾದರೆ ಹೊಸದೇ ತಗೊಳ್ಳಿ, ಹಳೆಯದು ಹೊತ್ತು ಕೈ ನೋಯಿಸಿಕೊಳ್ಳಬೇಡಿ.

ರೀಲಿನ ಎಡಗಡೆಯ ತಟ್ಟೆಯಲ್ಲಿ ಕೂದಲೆಳೆಯಷ್ಟು ಒಂದು ಬಿರುಕು ಕಾಣಿಸಿದೆ. ಆ ಜಾಗದ ಸ್ಕ್ರೂವನ್ನು ಅರ್ಧ ಸುತ್ತು ಸಡಿಲ ಬಿಟ್ಟಿದ್ದೇನೆ. ಅಕ್ಕನ ಮಗ ಮುಂದಿನ ಮೇ ತಿಂಗಳಲ್ಲಿ ಬರುತ್ತಾನೆ, ತಟ್ಟೆಯ ನಂಬರ್ ಅವನಿಗೆ ಈಗಾಗಲೇ ಕಳಿಸಿಯಾಗಿದೆ.