ಎಲ್ಕ್ ಬೇಟೆಗೆ ಯಾವ ಕ್ಯಾಲಿಬರ್? ಮೂರು ರೈಫಲ್‌ಗಳ ಒದೆತ ನನ್ನ ಭುಜದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಎತ್ತರ 5 ಅಡಿ 3 ಇಂಚು, ತೂಕ 56 ಕೆಜಿ. ಕೋವಿಯ ಒದೆತದ ಬಗ್ಗೆ ಯಾರಾದರೂ "ಅಯ್ಯೋ, ಅದೇನೂ ಅಷ್ಟಿಲ್ಲ ಬಿಡಿ" ಅಂದರೆ ಮೊದಲು ಅವರ ತೂಕ ಕೇಳಿ. ಇಲ್ಲಿ ಕೊಲೊರಾಡೊದಲ್ಲಿ ನನಗೆ ಸಲಹೆ ಕೊಟ್ಟವರೆಲ್ಲ ಆರಡಿ ಆಳುಗಳು, ನೂರು ಕೆಜಿಯ ಆಸುಪಾಸು.

ನಮ್ಮೂರು ವಿರಾಜಪೇಟೆ ಕಡೆ. ಕೋವಿ ನನಗೆ ಹೊಸದಲ್ಲ. ಕೈಲ್‌ಪೋದ್ ಹಬ್ಬಕ್ಕೆ ತಾತನ ಜೋಡುನಳಿ ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿ ಇಟ್ಟು ಬೆಳೆದವಳು. ಬೇಟೆ ಮಾತ್ರ ಗೊತ್ತಿರಲಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ತಾತ ಹೇಳುವ ಕತೆಯಷ್ಟೇ ಆಗಿತ್ತು. ಇಲ್ಲಿ ಗ್ರೀನ್ ಕಾರ್ಡ್ ಸಿಕ್ಕಿ, ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿ, ಆಮೇಲೆ ಎಲ್ಕ್‌ಗೆ ರೈಫಲ್ ಹುಡುಕಲು ಹೊರಟೆ. ಎಲ್ಕ್ ಅಂದರೆ ನಮ್ಮ ಕಡವೆಗೆ ದೊಡ್ಡಣ್ಣ ಇದ್ದ ಹಾಗೆ. ಹೆಣ್ಣೇ 225 ಕೆಜಿಯಷ್ಟು ತೂಗುತ್ತದೆ.

ಇಲ್ಲಿಯ ಕಾನೂನು ಕೇಳುವುದು ಕನಿಷ್ಠ .24 ಕ್ಯಾಲಿಬರ್, ಎಲ್ಕ್ ಆದರೆ ಕನಿಷ್ಠ 85 ಗ್ರೇನ್ ಗುಂಡು. ಕ್ಯಾಲಿಬರ್ ಅಂದರೆ ನಳಿಗೆಯ ಒಳ ಅಗಲ, ಇಂಚಿನ ಲೆಕ್ಕದಲ್ಲಿ. ಗ್ರೇನ್ ಅನ್ನುವುದು ತೂಕ, ಹದಿನೈದು ಗ್ರೇನ್ ಸೇರಿದರೆ ಸುಮಾರು ಒಂದು ಗ್ರಾಂ. ಆ ಲೆಕ್ಕದಲ್ಲಿ ಪುಟ್ಟ .243 ಕೂಡ ಸಾಕು. ಆದರೆ ಯಾವ ಅಂಗಡಿಗೆ ಹೋದರೂ ಒಂದೇ ಮಾತು: "ಎಲ್ಕ್‌ಗಾ? ಮ್ಯಾಗ್ನಂ ತಗೊಳ್ಳಿ." ಮ್ಯಾಗ್ನಂ ಅಂದರೆ ಮದ್ದು ಹೆಚ್ಚು ತುಂಬಿದ, ಜೋರಿನ ತೋಟೆ. ನಾನು ತೆಗೆದುಕೊಳ್ಳುವ ಮೊದಲು ಹೊಡೆದು ನೋಡುತ್ತೇನೆ ಅಂದೆ. ಬೇಟೆಯ ಗೆಳೆಯರಿಂದ ಮೂರು ರೈಫಲ್ ಸಾಲ ತೆಗೆದುಕೊಂಡು, ಒಂದು ಶನಿವಾರ ಪಾನೀ ಗ್ರಾಸ್‌ಲ್ಯಾಂಡ್‌ನ ಶೂಟಿಂಗ್ ಜಾಗಕ್ಕೆ ಹೋದೆವು. ಸುತ್ತ ಬರೀ ಹುಲ್ಲು, ಗಾಳಿ. ಮರ ಅನ್ನುವುದು ಇಲ್ಲವೇ ಇಲ್ಲ. ಕೊಡಗಿನವರಿಗೆ ಅಲ್ಲಿ ಐದು ನಿಮಿಷ ನಿಂತರೆ ಏನೋ ಕಳೆದುಕೊಂಡ ಹಾಗಾಗುತ್ತದೆ.

ಮೂರರಲ್ಲಿ ಹಳೆಯದು .30-06. ಅಮೆರಿಕದ ಸೈನ್ಯ 1906ರಲ್ಲಿ ಬಳಕೆಗೆ ತಂದ ತೋಟೆ ಅದು. ಎರಡನೆಯದು 1963ರಲ್ಲಿ ಬಂದ .300 ವಿನ್ ಮ್ಯಾಗ್, ಅಂದರೆ ವಿಂಚೆಸ್ಟರ್ ಮ್ಯಾಗ್ನಂ. ಮೂರನೆಯದು 1958ರ .338 ವಿನ್ ಮ್ಯಾಗ್, ಅಲಾಸ್ಕಾದ ದೊಡ್ಡ ಕರಡಿ ಬೇಟೆಯವರಿಗೂ ಅಚ್ಚುಮೆಚ್ಚು. ಗುರಿ ನೋಡುವ ದುರ್ಬೀನು, ಅದೇ ಸ್ಕೋಪ್, ಸೇರಿಸಿ ತೂಗಿದರೆ .30-06 ಸರಿಯಾಗಿ 8 ಪೌಂಡ್. .338 ಒಂಬತ್ತೂವರೆ ಪೌಂಡ್, ವಾಲ್‌ನಟ್ ಮರದ ಹಿಡಿಯ ಹಳೇ ಆನೆ. .300 ಮಾತ್ರ ಏಳೂಕಾಲು ಪೌಂಡ್. ಪ್ಲಾಸ್ಟಿಕ್ ಹಿಡಿ, ಸಪೂರ ನಳಿಗೆ. "ಬೆಟ್ಟ ಹತ್ತಲು ಹಗುರ" ಅಂತ ಮಾರುವ ಮಾಲು.

ಹೋಗುವ ಮೊದಲೇ ಕೂತು ಲೆಕ್ಕ ಹಾಕಿದ್ದೆ. ಎಂಜಿನಿಯರ್ ಬುದ್ಧಿ ಎಲ್ಲಿಗೆ ಹೋಗುತ್ತದೆ? ಗುಂಡು ಮುಂದೆ ಚಿಮ್ಮುವ ರಭಸಕ್ಕೆ ಕೋವಿ ಹಿಂದೆ ಬರುತ್ತದೆ, ಅದು ಎಲ್ಲರಿಗೂ ಗೊತ್ತು. ಗುಂಡಿನ ಹಿಂದೆಯೇ ನುಗ್ಗುವ ಮದ್ದಿನ ಹೊಗೆಗೂ ಪಾಲಿದೆ ಅನ್ನುವುದನ್ನು ಮರೆಯುತ್ತೇವೆ. .30-06ರಲ್ಲಿ ಸುಮಾರು 56 ಗ್ರೇನ್ ಮದ್ದು ಉರಿದು, 180 ಗ್ರೇನ್ ಗುಂಡು ಸೆಕೆಂಡಿಗೆ 2700 ಅಡಿಯಂತೆ ಹಾರುತ್ತದೆ. .300ರಲ್ಲಿ ಅದೇ ಗುಂಡಿಗೆ 72 ಗ್ರೇನ್ ಮದ್ದು, ವೇಗ 2960 ಅಡಿ. ವೇಗ ಹೆಚ್ಚಿದ್ದು ನೂರಕ್ಕೆ ಹತ್ತರಷ್ಟು. ಒಂದೇ ತೂಕದ ರೈಫಲ್ ಆದರೆ ಒದೆತ 20 ಫುಟ್ ಪೌಂಡ್‌ನಿಂದ 27ರ ಹತ್ತಿರ ಏರುತ್ತದೆ, ಅಂದರೆ ಮೂರನೇ ಒಂದು ಪಾಲು ಜಾಸ್ತಿ. (ಒಂದು ಪೌಂಡ್ ತೂಕವನ್ನು ಒಂದು ಅಡಿ ಎತ್ತಲು ಬೇಕಾದ ಶಕ್ತಿಯೇ ಒಂದು ಫುಟ್ ಪೌಂಡ್.) ನನಗೇಕೋ ಈ ವ್ಯಾಪಾರ ಗಿಟ್ಟಲಿಲ್ಲ.

ಮೊದಲು .30-06. ಭುಜಕ್ಕೆ ಒಂದು ಗುದ್ದು ಬಿತ್ತು, ಅಷ್ಟೇ. ತಾತನ ಕೋವಿಗೆ ಎಲ್‌ಜಿ ಅನ್ನುವ ದಪ್ಪ ಚರೆಯ ತೋಟೆ ಹಾಕಿದರೆ ಇದಕ್ಕಿಂತ ಜೋರಾಗಿ ಒದೆಯುತ್ತಿತ್ತು. ಆದರೆ ಒಂದು ವ್ಯತ್ಯಾಸ ಇದೆ. ತೆಂಗಿನಕಾಯಿಗೆ ನಿಂತು ಹೊಡೆಯುತ್ತೇವೆ, ಮೈ ಒದೆತದ ಜೊತೆಗೇ ಹಿಂದಕ್ಕೆ ತೂಗುತ್ತದೆ. ಬೆಂಚಿಗೆ ಎದೆ ಒರಗಿಸಿ ಕೂತರೆ ಮೈಗೆ ಹೋಗಲು ಜಾಗವಿಲ್ಲ, ಪೆಟ್ಟೆಲ್ಲ ಭುಜವೇ ತಿನ್ನಬೇಕು. ಹತ್ತು ಗುಂಡು ಹೊಡೆದೆ. ಆರಾಮ.

ಆಮೇಲೆ .338. ನಿಜ ಹೇಳಬೇಕೆಂದರೆ ಹೆದರಿದ್ದೆ. ತೋಟೆ ನನ್ನ ಕಿರುಬೆರಳಿಗಿಂತ ದಪ್ಪ, ಗುಂಡು 225 ಗ್ರೇನ್. ಟ್ರಿಗರ್ ಒತ್ತಿದೆ. ಯಾರೋ ದೊಡ್ಡವರು ಎರಡೂ ಕೈಯಿಂದ ಹಿಂದಕ್ಕೆ ತಳ್ಳಿದ ಹಾಗಾಯಿತು. ಕುರ್ಚಿ ಕಿರ್ ಅಂತು. ನೋವಾಗಲಿಲ್ಲ ಅಂತಲ್ಲ, ಆದರೆ ಅದು ನಿಧಾನದ ತಳ್ಳು.

ಕೊನೆಗೆ ಹಗುರದ .300. ಇದು ತಳ್ಳಲಿಲ್ಲ, ಕೆನ್ನೆಗೆ ಬಾರಿಸಿದ ಹಾಗೆ ಬಾರಿಸಿತು. ಪೆಟ್ಟು ಬಂದದ್ದೇ ಗೊತ್ತಾಗಲಿಲ್ಲ, ಬಂದಾಗಿತ್ತು. ಕಾರಣ ಲೆಕ್ಕದಲ್ಲೇ ಇದೆ. ಆ .338 ಭುಜದ ಕಡೆ ಬರುವುದು ಸೆಕೆಂಡಿಗೆ ಹದಿಮೂರೂವರೆ ಅಡಿ ವೇಗದಲ್ಲಿ. ಈ .300 ಹದಿನಾರು ಅಡಿ ದಾಟುತ್ತದೆ. ಒದೆತದ ಶಕ್ತಿಯೂ .338ರದ್ದು 27 ಫುಟ್ ಪೌಂಡ್, ಇದರದ್ದು 29ರ ಮೇಲೆ. ಹೆಸರಿನಲ್ಲಿ ಸಣ್ಣದು, ಭುಜದ ಮೇಲೆ ದೊಡ್ಡದು! ಕ್ಯಾಲಿಬರ್ ಪಟ್ಟಿ ನೋಡಿ ಒದೆತ ಅಂದಾಜು ಮಾಡುವವರು ರೈಫಲ್ ಎಷ್ಟು ತೂಕದ್ದು ಅಂತ ಕೇಳುವುದೇ ಇಲ್ಲ.

ಮೂರನೇ ಗುಂಡಿಗೆ ಸ್ಕೋಪ್ ಬಂದು ಹುಬ್ಬಿಗೆ ಬಡಿಯಿತು. ಸಣ್ಣ ಅರ್ಧಚಂದ್ರದ ಗಾಯ, ಎರಡು ಹನಿ ರಕ್ತ. ತಪ್ಪು ರೈಫಲ್‌ನದ್ದೇ ಅಲ್ಲ. ಅದರ ಹಿಡಿ ಹದಿಮೂರೂ ಮುಕ್ಕಾಲು ಇಂಚು ಉದ್ದ, ನನ್ನ ಕೈಗೆ ಒಂದು ಇಂಚು ಜಾಸ್ತಿ. ಕತ್ತು ಚಾಚಿ ಚಾಚಿ ಕಣ್ಣು ಸ್ಕೋಪ್‌ಗೆ ಹತ್ತಿರ ಹೋಗಿತ್ತು. ಬ್ರಾ ಪಟ್ಟಿ ಇರುವ ಕಡೆ ಸರಿಯಾಗಿ ಹಿಡಿಯ ಹಿಂಬದಿಯ ಅಂಚು ಕೂತು, ಮಾರನೇ ದಿನ ಅಲ್ಲಿ ನೇರಳೆ ಹಣ್ಣಿನ ಬಣ್ಣ. ಸಲಹೆ ಕೊಟ್ಟ ಯಾವ ಗಂಡಸೂ ಇದನ್ನು ಹೇಳಿರಲಿಲ್ಲ, ಪಾಪ, ಅವರಿಗೆ ಹೇಗೆ ಗೊತ್ತಾಗಬೇಕು!

ಆದರೆ ನನ್ನ ಮರ್ಯಾದೆ ಹೋದದ್ದು ಗಾಯದಿಂದಲ್ಲ. ಗೆಳತಿಯೊಬ್ಬಳು ನನಗೆ ಕಾಣದ ಹಾಗೆ .300ಗೆ ಒಂದು ಮದ್ದಿಲ್ಲದ ಡಮ್ಮಿ ತೋಟೆ ಹಾಕಿ ಕೊಟ್ಟಳು. ಗುರಿ ಇಟ್ಟೆ, ಒತ್ತಿದೆ. ಟಿಕ್ ಅಂತು, ಅಷ್ಟೇ. ಆ ಟಿಕ್‌ಗೆ ನಳಿಗೆಯ ತುದಿ ಒಂದು ಗೇಣು ಕೆಳಗೆ ಬಗ್ಗಿತ್ತು, ನನ್ನ ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಹೊಡೆತ ಬರುವ ಮೊದಲೇ ಮೈ ಅಳುಕುತ್ತಿದೆ. ಕಾಗದದ ಮೇಲೂ ಅದೇ ಕತೆ. ನೂರು ಗಜದಲ್ಲಿ .30-06ರ ಮೂರು ಗುಂಡು ಒಂದು ಟೀ ಲೋಟದ ಬಾಯಿಯೊಳಗೆ ಇದ್ದವು, .300ರದ್ದು ಊಟದ ತಟ್ಟೆಯ ತುಂಬ. ಮತ್ತೆ .30-06 ಹಿಡಿದು ಡಮ್ಮಿ ಹಾಕಿಸಿಕೊಂಡೆ. ಅಲ್ಲೂ ಬಗ್ಗಿತು! ಒಂದು ಕೋವಿ ಕಲಿಸಿದ ಅಳುಕು ಇನ್ನೊಂದಕ್ಕೂ ಅಂಟಿತ್ತು. ಅದನ್ನು ಬಿಡಿಸಲು ಎರಡು ತಿಂಗಳು ಒದೆತವೇ ಇಲ್ಲದಂಥ ಪಾಯಿಂಟ್ ಟೂ ಟೂ (.22) ರೈಫಲ್ ಹಿಡಿದು ಕೂರಬೇಕಾಯಿತು.

ನಳಿಗೆಯ ಬಾಯಿಗೆ ಹೊಗೆಯನ್ನು ಪಕ್ಕಕ್ಕೆ ತಿರುಗಿಸುವ ಮಜಲ್ ಬ್ರೇಕ್ ಹಾಕಿದರೆ ಆಯಿತಲ್ವಾ ಅಂತ ಕೇಳುತ್ತೀರಿ. ಬ್ರೇಕ್ ಇದ್ದ ಇನ್ನೊಂದು .300 ಅಲ್ಲೇ ಪಕ್ಕದ ಬೆಂಚಿನವರ ಹತ್ತಿರ ಇತ್ತು, ಕೇಳಿ ಹೊಡೆದೆ. ಒದೆತ ಅರ್ಧಕ್ಕಿಳಿದ ಹಾಗಿತ್ತು, ಒಪ್ಪುತ್ತೇನೆ. ಆದರೆ ಹೊಗೆ ಪಕ್ಕಕ್ಕೆ ನುಗ್ಗಿ ಸದ್ದು ಕಿವಿಗೇ ಬರುತ್ತದೆ. ಕಿವಿಯೊಳಗೆ ಪ್ಲಗ್, ಮೇಲೆ ಮಫ್, ಆದರೂ ಹಲ್ಲು ಜುಂ ಅಂತು. ಕಾಡಲ್ಲಿ ಪ್ರಾಣಿ ಎದ್ದಾಗ ಇದನ್ನೆಲ್ಲ ಹಾಕಿಕೊಳ್ಳಲು ಸಮಯ ಎಲ್ಲಿ?

ಕೊನೆಗೆ ಕೊಂಡದ್ದು .30-06, ಅದೇ 8 ಪೌಂಡಿನದ್ದು. ಹಿಡಿಯನ್ನು ಹನ್ನೆರಡೂ ಮುಕ್ಕಾಲು ಇಂಚಿಗೆ ಕತ್ತರಿಸಿ, ಹಿಂದೆ ಮೆತ್ತನೆಯ ಲಿಂಬ್‌ಸೇವರ್ ಪ್ಯಾಡ್ ಹಾಕಿಸಿದೆ. ಪ್ಯಾಡ್‌ಗೆ ಕೊಟ್ಟ ದುಡ್ಡು ಒಂದು ಪೈಸೆಯೂ ದಂಡವಲ್ಲ. .300 ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಒಂಬತ್ತು ಪೌಂಡಿನ ರೈಫಲ್ ಹೊರುವ ಮೈಕಟ್ಟು ಇದ್ದು, ನಾನೂರು ಗಜ ದಾಟಿ ಹೊಡೆಯುವ ಅಭ್ಯಾಸ ಇದ್ದರೆ ತಗೊಳ್ಳಿ. ನಾನು ಮುನ್ನೂರರ ಆಚೆ ಹೊಡೆಯುವುದೇ ಇಲ್ಲ. ಸ್ಕೋಪನ್ನು ಇನ್ನೂರು ಗಜಕ್ಕೆ ಸರಿಮಾಡಿಕೊಂಡರೆ ಮುನ್ನೂರರಲ್ಲಿ ಇವೆರಡರ ಗುಂಡು ಬೀಳುವುದರಲ್ಲಿ ವ್ಯತ್ಯಾಸ ಒಂದೂವರೆ ಎರಡು ಇಂಚು.

ಕಳೆದ ಅಕ್ಟೋಬರ್‌ನಲ್ಲಿ ಒಂದು ಹೆಣ್ಣು ಎಲ್ಕ್ ಸಿಕ್ಕಿತು, 190 ಗಜದಲ್ಲಿ, ಆಸ್ಪೆನ್ ಮರಗಳ ಅಂಚಿನಲ್ಲಿ. ಈಡು ಹೊಡೆದಾಗ ಒದೆತವಾಗಲಿ ಸದ್ದಾಗಲಿ ನನಗೆ ನೆನಪೇ ಇಲ್ಲ. ಬೋಲ್ಟ್ ಎಳೆದು ಎರಡನೇ ತೋಟೆ ಹಾಕಿಕೊಂಡದ್ದೂ ಗೊತ್ತಿಲ್ಲ. ಖಾಲಿ ತೋಟೆಯನ್ನು ಆಮೇಲೆ ಹುಲ್ಲಿನಲ್ಲಿ ಹುಡುಕಿ ಜೇಬಿಗೆ ಹಾಕಿಕೊಂಡೆ. ಭುಜ ಊದಿದ್ದು ಮಾರನೇ ದಿನ, ಹಿಂದಿನ ತೊಡೆಗಳನ್ನು ಒಂದೊಂದಾಗಿ ಬೆನ್ನಿಗೆ ಕಟ್ಟಿಕೊಂಡು ಮೂರು ಮೈಲಿ ಇಳಿದ ಮೇಲೆ. ಅದಕ್ಕೆ ಇನ್ನೂ ಯಾವ ಪ್ಯಾಡೂ ಸಿಕ್ಕಿಲ್ಲ.