ಮಿನೂಚಿನ್ ಪುಸ್ತಕ: ಮನೆಯ ನಕ್ಷೆ ಬರೆಯಲು ಕಲಿಸುವ ಕೈಪಿಡಿ

ಆಪ್ತಸಮಾಲೋಚನೆ ಕಲಿಯುವವರು ಕುಟುಂಬ ಚಿಕಿತ್ಸೆಯ ಬಗ್ಗೆ ಒಂದೇ ಪುಸ್ತಕ ಕೊಳ್ಳುವುದಾದರೆ, ಸಾಲ್ವಡೋರ್ ಮಿನೂಚಿನ್ ಅವರ ‘ಫ್ಯಾಮಿಲೀಸ್ ಅಂಡ್ ಫ್ಯಾಮಿಲಿ ಥೆರಪಿ’ (1974) ಕೊಳ್ಳಲಿ. 1921ರಲ್ಲಿ ಅರ್ಜೆಂಟೀನಾದಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ ಈ ಮನೋವೈದ್ಯರು ನ್ಯೂಯಾರ್ಕ್‌ನ ವಿಲ್ಟ್‌ವಿಕ್ ಶಾಲೆಯಲ್ಲಿ ಬಡ ಮನೆಗಳ ಹುಡುಗರ ನಡುವೆ ದುಡಿದವರು. ಹುಡುಗನನ್ನು ಮಾತ್ರ ಕೂರಿಸಿಕೊಂಡರೆ ಸಾಲದು, ಮನೆಯವರೆಲ್ಲ ಬರಬೇಕು ಎಂಬ ಪಟ್ಟು ಅಲ್ಲಿಯದು. ಮುಂದೆ ಫಿಲಡೆಲ್ಫಿಯಾ ಚೈಲ್ಡ್ ಗೈಡೆನ್ಸ್ ಕ್ಲಿನಿಕ್‌ನಲ್ಲಿ ಅದೇ ಒಂದು ಪದ್ಧತಿಯಾಗಿ ಬೆಳೆಯಿತು.

ಪುಸ್ತಕದ ಜೀವಾಳ ಅದರ ನಕ್ಷೆ, ಅಂದರೆ ಮನೆಯವರ ನಡುವಿನ ಸಂಬಂಧಗಳನ್ನು ಗೆರೆಗಳಲ್ಲಿ ತೋರಿಸುವ ಚಿತ್ರ. ಇಬ್ಬರ ನಡುವಿನ ಗಡಿ (ಒಬ್ಬರ ವಿಷಯದಲ್ಲಿ ಇನ್ನೊಬ್ಬರು ಎಷ್ಟು ತಲೆಹಾಕಬಹುದೆಂಬ ಮಿತಿ) ಸ್ಪಷ್ಟವಾಗಿದ್ದರೆ ತುಂಡುಗೆರೆ, ಮಸುಕಾಗಿದ್ದರೆ ಚುಕ್ಕಿಸಾಲು, ಬಿಗಿಯಾಗಿದ್ದರೆ ಇಡೀ ಗೆರೆ. ತಾಯಿ–ಮಗನ ನಡುವೆ ಚುಕ್ಕಿಗಳು, ಅವರಿಬ್ಬರಿಗೂ ಅಪ್ಪನಿಗೂ ನಡುವೆ ಇಡೀ ಗೆರೆ ಬಿದ್ದರೆ ಕೆಲಸ ಎಲ್ಲಿಂದ ಶುರುವಾಗಬೇಕೆಂದು ಹಾಳೆಯೇ ಹೇಳುತ್ತದೆ. ನಕ್ಷೆಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಅದು ಊಹೆ, ಮನೆಯವರು ಮಾತಾಡುತ್ತಾ ಹೋದಂತೆ ಬದಲಾಗಲೇಬೇಕು.

ನಮ್ಮ ಕೂಡುಕುಟುಂಬಗಳಿಗೆ ಇದು ಒಗ್ಗುತ್ತದೆಯೇ? ಒಗ್ಗುತ್ತದೆ. ಮಕ್ಕಳನ್ನು ಬೆಳೆಸುವವರ ಗುಂಪಿನಲ್ಲಿ ಅಜ್ಜಿಯಿದ್ದರೂ, ಹಿರಿಮಗಳಿದ್ದರೂ ತೊಂದರೆಯಿಲ್ಲ, ಯಾರ ಅಧಿಕಾರ ಎಲ್ಲಿಯವರೆಗೆ ಎಂಬುದು ನಿಚ್ಚಳವಾಗಿರಬೇಕು ಎನ್ನುತ್ತಾರೆ ಮಿನೂಚಿನ್. ಅಜ್ಜಿ ಊಟ ಹಾಕುವುದು ಸಮಸ್ಯೆಯಲ್ಲ. ಅಮ್ಮ ಬೇಡವೆಂದ ಮೊಬೈಲನ್ನು ಅಜ್ಜಿ ಗುಟ್ಟಾಗಿ ಕೊಟ್ಟರೆ ಅದು ಸಮಸ್ಯೆ. ಹತ್ತಿರವಿರುವವರನ್ನೆಲ್ಲ ‘ಎನ್‌ಮೆಶ್ಡ್’ (ಗಡಿ ಮಸುಕಾಗಿ ಒಬ್ಬರಲ್ಲೊಬ್ಬರು ಸಿಕ್ಕಿಕೊಂಡವರು) ಎಂದು ಹಣೆಪಟ್ಟಿ ಹಚ್ಚುವವರು ಈ ಭಾಗವನ್ನು ಇನ್ನೊಮ್ಮೆ ಓದಬೇಕು.

ಹೊಸಬರು ಎಡವುವುದು ‘ಜಾಯ್ನಿಂಗ್’ನಲ್ಲಿ. ಮನೆಯ ಮಾತಿನ ಧಾಟಿ, ವೇಗ, ಹಿರಿಯರಿಗಿರುವ ಮರ್ಯಾದೆ ಇವನ್ನು ಮೊದಲು ಒಪ್ಪಿಕೊಂಡು ಒಳಗೆ ಸೇರಬೇಕು. ಅದಕ್ಕೂ ಮೊದಲೇ ಅಪ್ಪನನ್ನು ತಿದ್ದಹೊರಟರೆ ಮುಂದಿನ ವಾರ ಆ ಮನೆಯವರು ಬರುವುದೇ ಇಲ್ಲ. ಇನ್ನೊಂದು ತಪ್ಪು, ಗಂಡಹೆಂಡಿರನ್ನು ಎದುರುಬದುರು ಮಾತಾಡಲು ಬಿಟ್ಟು ಅರ್ಧ ನಿಮಿಷಕ್ಕೇ ಬಾಯಿ ಹಾಕುವುದು. ಅವರು ನಿಮ್ಮತ್ತ ತಿರುಗಿದರೆ ಮತ್ತೆ ಅವರತ್ತಲೇ ತಿರುಗಿಸಿ.

ಸ್ಮಿತ್ ಕುಟುಂಬದ ಸಂದರ್ಶನವನ್ನಂತೂ ಎರಡೆರಡು ಸಲ ಓದಬೇಕು. ಖಿನ್ನತೆಗಾಗಿ ಎರಡು ಬಾರಿ ಆಸ್ಪತ್ರೆ ಸೇರಿದ್ದ ಮನೆಯೊಡೆಯ, ಸಮಸ್ಯೆ ತನ್ನದೇ ಎನ್ನುತ್ತಾನೆ. ಅಷ್ಟು ಖಚಿತವಾಗಿ ಹೇಳಬೇಡಿ ಎನ್ನುತ್ತಾರೆ ಮಿನೂಚಿನ್. ಆ ಒಂದೇ ಮಾತಿಗೆ ರೋಗ ಒಬ್ಬನ ಹೆಗಲಿನಿಂದ ಇಳಿದು, ಪಕ್ಕದಲ್ಲೇ ಕೂತ ಹೆಂಡತಿ, ಮಗ, ಮಾವನ ನಡುವೆ ಬಂದು ನಿಲ್ಲುತ್ತದೆ.

ಕೊರತೆಗಳೂ ಇವೆ. ತಾಯಿಯನ್ನು ಹಿಂದೆ ಸರಿಸಿ ಅಪ್ಪನನ್ನು ಮುಂದೆ ತರುವ ಒಲವನ್ನು ಸ್ತ್ರೀವಾದಿ ಚಿಕಿತ್ಸಕರು ಟೀಕಿಸಿದ್ದು ಸರಿಯೇ. ಊಟ ಬಿಟ್ಟು ಸೊರಗುವ ಕಾಯಿಲೆಯಾದ ಅನೊರೆಕ್ಸಿಯಾಕ್ಕೆ ಕುಟುಂಬದ ರಚನೆಯೇ ಕಾರಣವೆಂಬ ಅರ್ಥ ಬರುವ ಮಿನೂಚಿನ್ ಅವರ ವಾದವನ್ನು ಈಗ ಹಾಗೆಯೇ ಒಪ್ಪುವಂತಿಲ್ಲ. ಆದರೆ ಮನೆಯವರನ್ನು ಕೂರಿಸಿ ಚಿಕಿತ್ಸಕರ ಎದುರೇ ಊಟ ಮಾಡಿಸುವ ಕ್ರಮ ಮನೆಯವರ ಮೂಲಕವೇ ಅನೊರೆಕ್ಸಿಯಾಕ್ಕೆ ಚಿಕಿತ್ಸೆ ಕೊಡುವ ಇಂದಿನ ಮಾಡ್ಸ್ಲಿ ಪದ್ಧತಿಯಲ್ಲೂ ಉಳಿದಿದೆ.

ಮೊದಲು 3 ಮತ್ತು 7ನೇ ಅಧ್ಯಾಯ ಓದಿ, ಆಮೇಲೆ 8. ಕಿಬುಟ್ಸ್ (ಇಸ್ರೇಲಿನ ಸಾಮೂಹಿಕ ಬದುಕಿನ ಹಳ್ಳಿ) ಕುಟುಂಬದ 4ನೇ ಅಧ್ಯಾಯವನ್ನು ಕೊನೆಗಿಟ್ಟುಕೊಂಡರೂ ನಡೆಯುತ್ತದೆ.